ಕೌಲ್ ಪಾತ್ರೆಗೆ ಕುರಿ ಬಂದದ್ದು ತಡವಾಗಿ

ಮಾರ್ಚ್ 1 ವೇಲ್ಸ್ ಜನರಿಗೆ ಸಂತ ಡೇವಿಡ್ ಹಬ್ಬ. ಅಂದು ಮನೆಗಳಲ್ಲಿ, ಶಾಲೆಗಳಲ್ಲಿ, ಊರಿನ ಸಭಾಂಗಣಗಳಲ್ಲಿ ಕೌಲ್ ಬೇಯುತ್ತದೆ. ಎಲುಬು ಸಮೇತ ಕುರಿಮರಿಯ ಮಾಂಸ, ಆಲೂಗಡ್ಡೆ, ಕ್ಯಾರೆಟ್, ಸ್ವೀಡ್ ಎಂಬ ಹಳದಿ ಗಡ್ಡೆ, ಈರುಳ್ಳಿ ಬಳಗದ ಲೀಕ್ ಎಲ್ಲವೂ ಬೆಂದು ಹದವಾದ ಸಾರು ಇದು. ಮಸಾಲೆಯ ಹಂಗಿಲ್ಲ, ಉಪ್ಪು, ಕಾಳುಮೆಣಸು ಸಾಕು. ವೇಲ್ಸ್‌ನ ರಾಷ್ಟ್ರೀಯ ಖಾದ್ಯವೆಂದೇ ಇದಕ್ಕೆ ಹೆಸರು. ಆದರೆ ಇವೆಲ್ಲ ಒಂದೇ ಪಾತ್ರೆಯಲ್ಲಿ ಕೂಡಲು ಶತಮಾನಗಳೇ ಹಿಡಿದವು.

ಪಾದ್ರಿ, ಲೇಖಕ ಜೆರಾಲ್ಡ್ 1188ರಲ್ಲಿ ವೇಲ್ಸ್ ಸುತ್ತಿದ. ಓಟ್ಸ್, ಹಾಲು, ಬೆಣ್ಣೆ, ಚೀಸ್ ಅಲ್ಲಿಯವರ ಆಹಾರವೆಂದೂ, ಅಗಲವಾದ ತೆಳು ರೊಟ್ಟಿಯ ಜತೆ ಒಮ್ಮೊಮ್ಮೆ ಕೊಚ್ಚಿದ ಮಾಂಸ, ಸಾರು ಬಡಿಸುತ್ತಿದ್ದರೆಂದೂ ಬರೆದಿಟ್ಟ. ತರಕಾರಿಗಳಲ್ಲಿ ಲೀಕ್ ಮತ್ತು ಎಲೆಕೋಸು ಹಳೆಯವು. ರಾಜ ಹೈವೆಲ್ ದಾ ಹೆಸರಿನ ಮಧ್ಯಯುಗದ ಕಾನೂನು ಗ್ರಂಥಗಳಲ್ಲೇ ಅವುಗಳ ಮಾತಿದೆ. ಇಂದು ಅಷ್ಟು ಸಹಜವೆನಿಸುವ ಆಲೂಗಡ್ಡೆ, ಸ್ವೀಡ್ ಎರಡೂ ರೈತರ ಹೊಲಕ್ಕೆ ಇಳಿದದ್ದು 18ನೇ ಶತಮಾನದಿಂದೀಚೆಗೆ. ಅದಕ್ಕೂ ಮೊದಲು ಸಾರು ಗಟ್ಟಿಯಾಗಲು ಓಟ್ಸ್ ಹಿಟ್ಟೇ ಗತಿ.

ಇನ್ನು ಮಾಂಸ. ಬೆಟ್ಟಗುಡ್ಡಗಳ ತುಂಬ ಕುರಿ ಮೇಯುತ್ತಿದ್ದರೂ ಬಡ ರೈತನ ದಿನನಿತ್ಯದ ಪಾತ್ರೆಗೆ ಬೀಳುತ್ತಿದ್ದದ್ದು ಹೆಚ್ಚಾಗಿ ಹಂದಿ. ಕುರಿಯಿಂದ ಉಣ್ಣೆ ಬರುತ್ತಿತ್ತು, ಮರಿ ಮಾರಿದರೆ ಕೈಗೆ ಕಾಸು ಬರುತ್ತಿತ್ತು. ಮನೆಯಲ್ಲಿ ಸಾಕಿದ ಹಂದಿಯನ್ನು ಚಳಿಗಾಲದ ಹೊತ್ತಿಗೆ ಕಡಿದು, ಉಪ್ಪು ತಿಕ್ಕಿ, ಅಡುಗೆಮನೆಯ ತೊಲೆಗೆ ತೂಗುಹಾಕುತ್ತಿದ್ದರು. ಬೇಕಾದಾಗ ಒಂದು ತುಂಡು ಕೊಯ್ದರೆ ಸಾರಿಗೆ ಮಾಂಸವೂ ಆಯಿತು, ಉಪ್ಪೂ ಆಯಿತು. ಹೀಗಾಗಿ ಎಳೆಯ ಕುರಿಮರಿಯ ಕೌಲ್ ಅನ್ನು ಮಾತ್ರ ‘ಅಸಲಿ’ ಎನ್ನುವುದು ನನ್ನ ಪ್ರಕಾರ ಆ ಬಡ ಮನೆಗಳಿಗೆ ಮಾಡುವ ಅನ್ಯಾಯ. ಇದ್ದದ್ದನ್ನು ಹಾಕಿ ಎಲ್ಲರ ಹೊಟ್ಟೆ ತುಂಬಿಸಿದ್ದೇ ಕೌಲ್‌ನ ನಿಜವಾದ ಪರಂಪರೆ. ಉತ್ತರ ವೇಲ್ಸ್‌ನಲ್ಲಿ ಇದರ ಸೋದರಸಂಬಂಧಿಯ ಹೆಸರು ಲಾಬ್ಸ್‌ಗೌಸ್.

ಅಡುಗೆಗೆ ಬೇಕಾದದ್ದು ತಾಳ್ಮೆ. ಕುರಿಯ ಕುತ್ತಿಗೆ ಭಾಗ ಇದಕ್ಕೆ ಹೇಳಿ ಮಾಡಿಸಿದ್ದು. ತಣ್ಣೀರಲ್ಲಿಟ್ಟು, ಮೇಲೆ ಬರುವ ನೊರೆ ತೆಗೆಯುತ್ತ, ಸಣ್ಣ ಉರಿಯಲ್ಲಿ ಎರಡು ತಾಸು ಬೇಯಿಸಬೇಕು. ರಾತ್ರಿಯಿಡೀ ತಣ್ಣಗಾಗಲು ಬಿಟ್ಟರೆ ಬೆಳಿಗ್ಗೆ ಕೊಬ್ಬು ಬಿಳಿ ಹಾಳೆಯಂತೆ ಮೇಲೆ ಹೆಪ್ಪುಗಟ್ಟಿರುತ್ತದೆ. ಅದನ್ನು ಎತ್ತಿ ತೆಗೆದು, ಮತ್ತೆ ಒಲೆಗಿಟ್ಟು, ಗಡ್ಡೆಗಳನ್ನು ದಪ್ಪ ದಪ್ಪ ಹೋಳು ಮಾಡಿ ಹಾಕಬೇಕು. ಲೀಕ್‌ನ ಬಿಳಿ ಭಾಗ ಗಡ್ಡೆಗಳ ಜತೆಗೆ ಬೇಯಲಿ. ಹಸಿರು ಭಾಗ ಇಳಿಸುವ ಐದು ನಿಮಿಷ ಮೊದಲು ಬಿದ್ದರೆ ಸಾಕು. ಆಗ ಅದರ ಬಣ್ಣವೂ ಘಮವೂ ಉಳಿಯುತ್ತವೆ.

ಹಿಂದೆ ಕೆಲವು ಕಡೆ ಮೊದಲು ತಿಳಿಸಾರನ್ನು ಬಡಿಸಿ, ಮಾಂಸ ಮತ್ತು ತರಕಾರಿಯನ್ನು ಆಮೇಲೆ ಬಡಿಸುತ್ತಿದ್ದರು. ಉಣ್ಣಲು ಮರದ ಬೋಗುಣಿ, ಮರದ ಚಮಚ. ಎಷ್ಟೇ ಬಿಸಿಯಿದ್ದರೂ ತುಟಿ ಸುಡದು. ಪಕ್ಕದಲ್ಲಿ ಬ್ರೆಡ್, ಒಂದು ತುಂಡು ಚೀಸ್ ಈಗಲೂ ಇರಲೇಬೇಕು. ಮರುದಿನ ಬಿಸಿಮಾಡಿದ ಕೌಲ್‌ಗೆ ರುಚಿ ಹೆಚ್ಚು ಎನ್ನುವವರೇ ಬಹಳ.

ಇವೆಲ್ಲ ಬಹುಕಾಲ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆ. ಸೇಂಟ್ ಫಾಗನ್ಸ್ ಜಾನಪದ ವಸ್ತುಸಂಗ್ರಹಾಲಯದ ಮಿನ್ವೆಲ್ ಟಿಬಟ್ ಹಳ್ಳಿ ಹಳ್ಳಿಯ ಹಿರಿಯ ಹೆಂಗಸರನ್ನು ಮಾತನಾಡಿಸಿ, ಅವರ ಅಡುಗೆಯನ್ನು ಅವರ ದನಿಯಲ್ಲೇ ಧ್ವನಿಮುದ್ರಿಸಿಕೊಂಡರು. 1976ರಲ್ಲಿ ಅದು ‘ವೆಲ್ಷ್ ಫೇರ್’ ಎಂಬ ಪುಸ್ತಕವಾಯಿತು. ಆ ಕೆಲಸ ನಡೆಯದೇ ಇದ್ದಿದ್ದರೆ ಒಲೆಯ ಮುಂದಿನ ಎಷ್ಟೋ ವಿವರಗಳು ಆ ಅಜ್ಜಿಯರೊಂದಿಗೇ ಹೋಗಿಬಿಡುತ್ತಿದ್ದವು.

ಕಾರ್ಡಿಫ್ ಕಡೆ ಹೋಗುವವರು ಸೇಂಟ್ ಫಾಗನ್ಸ್‌ಗೆ ಅರ್ಧ ದಿನವಾದರೂ ಮೀಸಲಿಡಿ. ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದು ಮರಳಿ ಕಟ್ಟಿದ ರೈತರ ಮನೆಗಳನ್ನೂ ಅವುಗಳ ಒಲೆಗಳನ್ನೂ ಅಲ್ಲಿ ಹತ್ತಿರದಿಂದ ನೋಡಬಹುದು. ಪ್ರವೇಶ ಉಚಿತ.