ರಿಪ್ಲೈ ಎಂಬ ಮಡಿಕೆ

“ಬ್ಲೂ ಟಿಕ್ ಬಂದಿದೆ, ಮೆಸೇಜ್ ನೋಡಿದ್ದೀಯ. ರಿಪ್ಲೈ ಯಾಕೆ ಮಾಡ್ಲಿಲ್ಲ?”

ಈ ತಕರಾರು ಕೇಳದ ಮನೆ ಈಗ ಅಪರೂಪ. ಉತ್ತರ, ಮರುನುಡಿ, ಜವಾಬು ಎಂದು ಮಾತುಗಳು ಬೇಕಾದಷ್ಟಿದ್ದರೂ ಮೊಬೈಲ್ ಹಿಡಿದ ಕೂಡಲೇ ನಮ್ಮ ಬಾಯಿಗೆ ಬರುವುದು ‘ರಿಪ್ಲೈ’. ಪರೀಕ್ಷೆಯಲ್ಲಿ ಬರೆಯುವುದು ಉತ್ತರ, ಮೆಸೇಜಿಗೆ ಕೊಡುವುದು ರಿಪ್ಲೈ. ಇಷ್ಟು ಒಗ್ಗಿಹೋದ ಈ ನೆಂಟನ ಊರು ಕೇರಿ ವಿಚಾರಿಸಿದರೆ, ಮೂಲದಲ್ಲಿ ಮಾತಿನ ಸುಳಿವೇ ಇಲ್ಲ. ಅಲ್ಲಿರುವುದು ಮಡಿಚುವ ಕೆಲಸ.

ಲ್ಯಾಟಿನ್‌ನಲ್ಲಿ ‘ಪ್ಲಿಕಾರೆ’ ಎಂದರೆ ಮಡಿಚು, ‘ರೆ’ ಎಂದರೆ ಹಿಂದಕ್ಕೆ. ಎರಡೂ ಸೇರಿದ ‘ರೆಪ್ಲಿಕಾರೆ’ ಹಳೆಯ ಫ್ರೆಂಚ್‌ನಲ್ಲಿ ಸವೆದು, 14ನೇ ಶತಮಾನದ ಕೊನೆಗೆ, ಕವಿ ಚಾಸರ್‌ನ ಕಾಲಕ್ಕೆ, ಇಂಗ್ಲಿಷಿಗೆ ಬಂತು. ಇಂದಿನ ಫ್ರೆಂಚರಿಗೆ ‘ರೆಪ್ಲಿಯೆ’ ಎಂದರೆ ನಕ್ಷೆಯಂಥದ್ದನ್ನು ಮಡಿಚುವುದು. ಉತ್ತರಿಸುವುದಕ್ಕೆ ಅವರು ಬೇರೆ ಪದ ಇಟ್ಟುಕೊಂಡಿದ್ದಾರೆ. ರೆಪ್ಲಿಕಾ, ಡೂಪ್ಲಿಕೇಟ್, ಅಪ್ಲೈ, ಮಲ್ಟಿಪ್ಲೈ, ಕಾಂಪ್ಲಿಕೇಟೆಡ್ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಪದರದ ಮೇಲೆ ಪದರ ಕೂರಿಸಿದ ಪ್ಲೈವುಡ್ಡಿನ ‘ಪ್ಲೈ’ ಕೂಡ ಅದೇ. ಮಡಿಕೆಯಿಂದ ಲೆಕ್ಕ ಹುಟ್ಟುವುದು ಕನ್ನಡಿಗರಿಗೂ ಗೊತ್ತು: ಡೂಪ್ಲಿಕೇಟ್ ಎಂದರೆ ಎರಡಾಗಿ ಮಡಿಚಿದ್ದು, ನಮ್ಮ ‘ಇಮ್ಮಡಿ’ಯೂ ಅದೇ. ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರ್, ನಾಲ್ವಡಿ ಕೃಷ್ಣರಾಜ ಒಡೆಯರ್ ಎನ್ನುವಾಗ ನಾವು ಅರಸರನ್ನು ಮಡಿಕೆಯಲ್ಲೇ ಎಣಿಸುತ್ತೇವೆ.

ಮಡಿಕೆ ಮಾತಾಗಿದ್ದಕ್ಕೆ ನ್ಯಾಯಾಲಯದ ನಂಟಿದೆ. ರೋಮನ್ ಕಾನೂನಿನಲ್ಲಿ ವಾದಿ ದಾವೆ ಹೂಡಿದ ಮೇಲೆ ಪ್ರತಿವಾದಿ ಆಕ್ಷೇಪ ಎತ್ತುತ್ತಿದ್ದ. ಅದನ್ನು ತಳ್ಳಿಹಾಕಲು ವಾದಿ ಮುಂದಿಡುತ್ತಿದ್ದ ಪ್ರತಿಮಾತೇ ‘ರೆಪ್ಲಿಕಾಟಿಯೊ’. ಎಂದರೆ ಅದು ಉತ್ತರಕ್ಕೆ ಕೊಟ್ಟ ಉತ್ತರ. 2ನೇ ಶತಮಾನದ ನ್ಯಾಯಶಾಸ್ತ್ರಜ್ಞ ಗೈಯಸ್ ಇದನ್ನು ವಿವರಿಸಿದ್ದಾನೆ. ಇಂಗ್ಲೆಂಡಿನ ಕೋರ್ಟುಗಳು ಅದೇ ಜಾಡಿನಲ್ಲಿ ರೆಪ್ಲಿಕೇಶನ್, ರಿಜಾಯಿಂಡರ್, ಸರ್‌ರಿಜಾಯಿಂಡರ್ ಎಂದು ಮೆಟ್ಟಿಲು ಕಟ್ಟುತ್ತ ಹೋದವು. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ವಾದ ಆರಂಭಿಸಿದ ಪಕ್ಷಕ್ಕೆ ಕೊನೆಯಲ್ಲಿ ‘ರಿಪ್ಲೈ’ ಹೇಳುವ ಅವಕಾಶವಿದೆ.

ಇದರ ಜೊತೆಗಾರ ಪದಗಳ ಕಥೆಯೂ ಕೋರ್ಟು ಕಟ್ಟೆ ಹತ್ತಿದ್ದೇ. ‘ಆನ್ಸರ್’ ಹಳೆಯ ಇಂಗ್ಲಿಷಿನ ‘ಆಂಡ್‌ಸ್ವಾರು’. ‘ಆಂಡ್’ ಎಂದರೆ ಎದುರು, ಉಳಿದ ಭಾಗಕ್ಕೆ ಆಣೆಯ ನಂಟು. ಆರೋಪ ಹೊತ್ತವನು ಪ್ರಮಾಣ ಮಾಡಿ ಅದನ್ನು ಅಲ್ಲಗಳೆಯುವುದೇ ಆನ್ಸರ್ ಆಗಿತ್ತು. ನಮ್ಮಲ್ಲಿ ಹಿರಿಯರು ‘ಎದುರುತ್ತರ ಕೊಡಬೇಡ’ ಎಂದು ಗದರುತ್ತಾರೆ. ಇಂಗ್ಲಿಷರ ಉತ್ತರವೋ ಹುಟ್ಟಿನಿಂದಲೇ ಎದುರುತ್ತರ! ಇನ್ನು ‘ರೆಸ್ಪಾಂಡ್’ ಪದದ ಬೇರು ‘ಸ್ಪಾಂಡೆರೆ’, ಮಾತು ಕೊಡುವುದು. ರೋಮನ್ನರು ಕರಾರು ಮಾಡಿಕೊಳ್ಳುವಾಗ ಒಬ್ಬ “ಮಾತು ಕೊಡುತ್ತೀಯಾ?” ಎನ್ನುತ್ತಿದ್ದ, ಇನ್ನೊಬ್ಬ “ಕೊಟ್ಟೆ” ಎನ್ನುತ್ತಿದ್ದ. ಕರಾರು ಮುಗಿಯಿತು. ಸ್ಪಾನ್ಸರ್ ಎಂಬ ಪದವೂ ಅಲ್ಲಿಂದಲೇ ಬಂತು.

ಬಳಕೆಯಲ್ಲೂ ಇವು ಒಂದೇ ಅಲ್ಲ. ಫೋನು ಕೂಗಿದರೆ, ಬಾಗಿಲು ಬಡಿದರೆ ‘ಆನ್ಸರ್’ ಮಾಡಬಹುದು, ‘ರಿಪ್ಲೈ’ ಮಾಡಲಾಗದು. ‘ರಿಪ್ಲೈ ಮಿ’ ಎಂದು ಬರೆಯುವುದು ನಮ್ಮವರ ಮಾಮೂಲಿ ತಪ್ಪು. ನಡುವೆ ‘ಟು’ ಬೇಕು. ನೆನಪಿಡುವುದು ಸುಲಭ: ‘ನನಗೆ ರಿಪ್ಲೈ ಮಾಡು’ ಎನ್ನುವಾಗಿನ ‘ಗೆ’ ಪ್ರತ್ಯಯವೇ ಆ ‘ಟು’. ಇಮೇಲ್ ವಿಷಯದ ಸಾಲಿನಲ್ಲಿ ತಾನಾಗಿ ಮೂಡುವ ‘ರಿ’ ಮಾತ್ರ ರಿಪ್ಲೈಯ ತುಂಡು ಎಂದುಕೊಂಡರೆ ಮೋಸಹೋದಂತೆ. ಅದು ‘ಈ ವಿಷಯದಲ್ಲಿ’ ಎಂಬ ಅರ್ಥದ ‘ಇನ್ ರೆ’ ಎಂಬ ಲ್ಯಾಟಿನ್ ನುಡಿಗಟ್ಟಿನದು.

ಅಂಚೆಯವರ ರಿಪ್ಲೈ ಕಾರ್ಡಿನಲ್ಲಿ ಪದ ಮತ್ತೆ ತವರಿಗೆ ಮರಳಿತ್ತು. ಎರಡು ಕಾರ್ಡು ಒಂದಕ್ಕೊಂದು ಅಂಟಿಕೊಂಡು ಮಡಿಚಿಕೊಂಡಿರುತ್ತಿದ್ದವು. ಒಂದರಲ್ಲಿ ನಮ್ಮ ಸಮಾಚಾರ ಬರೆದು, ಇನ್ನೊಂದರಲ್ಲಿ ನಮ್ಮದೇ ವಿಳಾಸ ಹಾಕಿ ಕಳಿಸಿದರೆ, ಪಡೆದವರು ತಮ್ಮ ಪಾಲನ್ನು ಹರಿದು ಹಿಂದಕ್ಕೆ ಕಳಿಸುತ್ತಿದ್ದರು. ಉತ್ತರದ ಕಾಸೂ ಕೇಳಿದವರದೇ, ಆದ್ದರಿಂದ ಸುಮ್ಮನಿರಲು ನೆಪವಿರಲಿಲ್ಲ.

ಇಷ್ಟೆಲ್ಲ ಸುತ್ತಿ ಬಂದರೆ ನಮ್ಮ ಮನೆಯ ಪದವೊಂದು ಹೊಸದಾಗಿ ಕಾಣುತ್ತದೆ. ಅರಬ್ಬಿಯ ‘ಜವಾಬ್’ಗೆ ಪಾರಸಿಯ ‘ದಾರ್’ ಸೇರಿ ‘ಜವಾಬ್ದಾರಿ’ಯಾಯಿತು. ಜಮೀನು ಉಳ್ಳವನು ಜಮೀನ್ದಾರ, ಜವಾಬು ಹೇಳಬೇಕಾದವನು ಜವಾಬ್ದಾರ. ಇಂಗ್ಲಿಷರ ‘ರೆಸ್ಪಾನ್ಸಿಬಿಲಿಟಿ’ಯೂ ರೆಸ್ಪಾಂಡ್‌ನ ಕೂಸು. ಎಲ್ಲೆಲ್ಲಿಯದೋ ಭಾಷೆಗಳು ಹೊಣೆಯನ್ನು ಉತ್ತರದಿಂದಲೇ ಅಳೆದಿವೆ. ಬ್ಲೂ ಟಿಕ್ ಬಿದ್ದ ಮೇಲೆ ಒಂದು ಸಾಲು ಬರೆಯುವುದು, ಅಷ್ಟರಮಟ್ಟಿಗೆ, ಜವಾಬ್ದಾರಿಯೇ.