ಮನೆಯಂಗಳದಲ್ಲಿ ಕ್ಲೆಮ್ಯಾಟಿಸ್ ಬಳ್ಳಿ

ಇಂಗ್ಲಿಷಿನ ತೋಟಗಾರಿಕೆಯ ಗ್ರಂಥಗಳನ್ನು ತಿರುವಿಹಾಕಿದವರಿಗೆ ಕ್ಲೆಮ್ಯಾಟಿಸ್ ಎಂಬ ಬಳ್ಳಿಯ ಚಿತ್ರವು ಪರಿಚಿತವಾಗಿಯೇ ಇರುವುದು. ಇಟ್ಟಿಗೆಯ ಗೋಡೆಯೊಂದನ್ನು ಬುಡದಿಂದ ತುದಿಯವರೆಗೆ ಮುಚ್ಚಿ, ಅಂಗೈಯಗಲದ ನೇರಳೆ ಬಣ್ಣದ ಹೂಗಳನ್ನು ನೂರಾರು ಸಂಖ್ಯೆಯಲ್ಲಿ ತಳೆದು ನಿಂತ ಆ ಬಳ್ಳಿಯನ್ನು ಕಂಡಾಗ, ಇಂಥದೊಂದು ನಮ್ಮ ಅಂಗಳದಲ್ಲಿಯೂ ಇರಬಾರದೇ ಎಂಬ ಆಸೆ ಹುಟ್ಟುವುದು ಸಹಜ. ಧಾರವಾಡದ ಮಾಳಮಡ್ಡಿಯಂಥ ಬಡಾವಣೆಯಲ್ಲಿ ಹಂಚಿನ ಮನೆ, ಮುಂದೆ ನಾಲ್ಕು ಮಾರು ಅಂಗಳ, ಹಿತ್ತಲಲ್ಲಿ ಬಾವಿ ಇರುವ ಗೃಹಸ್ಥರು ಈ ಪ್ರಶ್ನೆಯನ್ನು ನಮ್ಮಲ್ಲಿ ಕೇಳಿದ್ದುಂಟು. ಚಿತ್ರದಲ್ಲಿರುವ ಬಳ್ಳಿ ಇಲ್ಲಿ ಬಾಳುವುದು ಬಹು ಕಷ್ಟ. ಆದರೆ ಅದರ ಒಡಹುಟ್ಟಿದ ಬಳ್ಳಿಯೊಂದು ನಮ್ಮ ಪಕ್ಕದ ಕಾಡುಗಳಲ್ಲಿಯೇ ಇದ್ದು, ಕರೆದರೆ ಅಂಗಳಕ್ಕೆ ಬರಲು ಸಿದ್ಧವಾಗಿದೆ. ಈ ಎರಡು ಮಾತುಗಳ ಕಾರಣವನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ಪರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಅವಿವೇಕವನ್ನು ಒಪ್ಪಿಕೊಳ್ಳುವುದು ಲೇಸು. ಕೆಲವು ವರ್ಷಗಳ ಹಿಂದೆ ಬೆಟ್ಟದ ಮೇಲಿನ ಊರೊಂದರ ಸಸ್ಯಾಗಾರದಿಂದ ದೊಡ್ಡ ಹೂವಿನ ಎರಡು ಸಸಿಗಳನ್ನು ಕುಂಡ ಸಹಿತವಾಗಿ ತಂದು, ಪುಸ್ತಕದಲ್ಲಿ ಹೇಳಿದ್ದನ್ನು ಅಕ್ಷರಶಃ ಪಾಲಿಸಿ, ದಕ್ಷಿಣದ ಗೋಡೆಯ ಬುಡದಲ್ಲಿ ನೆಟ್ಟೆವು. ಮಳೆಗಾಲದಲ್ಲಿ ಒಂದಾಳುದ್ದ ಬೆಳೆದವು. ಚಳಿಗಾಲದಲ್ಲಿ ಮೂರು ಹೂಗಳನ್ನು ಬಿಟ್ಟವು. ನೆರೆಹೊರೆಯವರನ್ನು ಕರೆದು ತೋರಿಸಿದೆವು. ಯುಗಾದಿಯ ಹೊತ್ತಿಗೆ ಎಲೆಯ ಅಂಚುಗಳು ಸುಟ್ಟವು. ಏಪ್ರಿಲ್ ತಿಂಗಳಲ್ಲಿ ಒಂದು ಬೆಳಗ್ಗೆ ಒಂದು ಸಸಿ ಬುಡದಿಂದ ತುದಿಯವರೆಗೆ ಬಾಡಿ ಕಪ್ಪಾಗಿತ್ತು. ಹದಿನೈದು ದಿನಗಳಲ್ಲಿ ಎರಡನೆಯದೂ ಅದೇ ದಾರಿ ಹಿಡಿಯಿತು. ನೀರು ಹೆಚ್ಚಾಯಿತೆಂದು ಕೆಲವರೂ ಕಡಿಮೆಯಾಯಿತೆಂದು ಕೆಲವರೂ ಹೇಳಿದರು. ನಿಜವಾದ ತಪ್ಪು ನೀರಿನದಲ್ಲ. ಆ ಪುಸ್ತಕ ಬೇರೊಂದು ಆಕಾಶದ ಕೆಳಗೆ ಬರೆದದ್ದೆಂಬುದನ್ನು ನಾವು ಮರೆತಿದ್ದೆವು. ಇಂಗ್ಲೆಂಡಿನಲ್ಲಿ ದಕ್ಷಿಣದ ಗೋಡೆಯನ್ನು ಆರಿಸುವುದು ದುರ್ಲಭವಾದ ಬಿಸಿಲನ್ನು ಹಿಡಿಯುವುದಕ್ಕಾಗಿ. ನಮ್ಮಲ್ಲಿ ಬಿಸಿಲಿನಿಂದ ತಪ್ಪಿಸಿಕೊಳ್ಳುವ ಗೋಡೆಯನ್ನು ಹುಡುಕಬೇಕು.

ಮೊದಲು ಈ ಬಳ್ಳಿಯ ಸ್ವಭಾವವನ್ನು ತಿಳಿಯೋಣ. 'ಕ್ಲೇಮ' ಎಂದರೆ ಗ್ರೀಕ್ ಭಾಷೆಯಲ್ಲಿ ಬಳ್ಳಿಯ ಕುಡಿ. ಅದರಿಂದ ಈ ಹೆಸರು. ಲಿನೀಯಸನು 1753ರಲ್ಲಿ ಶಾಸ್ತ್ರೀಯವಾಗಿ ನೆಲೆಗೊಳಿಸಿದ ಈ ಕುಲದಲ್ಲಿ ಇಂದು ಸುಮಾರು ಮುನ್ನೂರು ಜಾತಿಗಳನ್ನು ಶಾಸ್ತ್ರಜ್ಞರು ಎಣಿಸುತ್ತಾರೆ. ಇದು ಹತ್ತುವ ರೀತಿ ವಿಚಿತ್ರವಾದದ್ದು. ಮಲ್ಲಿಗೆಯಂತೆ ಕಾಂಡವನ್ನು ಸುತ್ತುವುದಿಲ್ಲ. ಹಾಗಲದಂತೆ ನುಲಿಬಳ್ಳಿಗಳನ್ನು ಚಾಚುವುದಿಲ್ಲ. ಎಲೆಯ ತೊಟ್ಟೇ ಬಾಗಿ, ಸಿಕ್ಕಿದ ಆಧಾರವನ್ನು ಒಂದು ಸುತ್ತು ಹಾಕಿ ಬಿಗಿಯುತ್ತದೆ. ತೊಟ್ಟು ಚಿಕ್ಕದಾದ್ದರಿಂದ ಅದರ ಹಿಡಿತಕ್ಕೆ ಸಿಗುವ ಆಧಾರವೂ ತೆಳುವಾಗಿರಬೇಕು. ಇನ್ನು ಹೂವಿನಲ್ಲಿ ನಾವು ದಳಗಳೆಂದು ಮೆಚ್ಚುವುವು ನಿಜವಾಗಿ ದಳಗಳಲ್ಲ. ಬೇರೆ ಹೂಗಳಲ್ಲಿ ಹಸಿರಾಗಿ ಮೊಗ್ಗನ್ನು ಕಾಯುವ ಪುಷ್ಪಪಾತ್ರೆಯ ಎಸಳುಗಳೇ ಇಲ್ಲಿ ಬಣ್ಣ ತಳೆದಿರುತ್ತವೆ. ಹೂವು ಕಳೆದ ಮೇಲೆ ಪ್ರತಿಯೊಂದು ಬೀಜಕ್ಕೂ ರೇಶಿಮೆಯಂಥ ನವಿರಾದ ಬಾಲವೊಂದು ಬೆಳೆದು, ಗಾಳಿಗೆ ತೇಲಿಹೋಗಲು ಅನುಕೂಲವಾಗುತ್ತದೆ. ಬಳ್ಳಿಯ ಮೇಲೆ ಬಿಳಿಯ ಕುಚ್ಚುಗಳಂತೆ ಕಾಣುವ ಈ ಬೀಜಗೊಂಚಲುಗಳು ಹೂವಿಗಿಂತಲೂ ಹೆಚ್ಚು ಕಾಲ ಇರುತ್ತವೆ.

ಈ ಬಳ್ಳಿಯನ್ನು ಇಂಗ್ಲಿಷರದೆಂದು ನಾವು ಭಾವಿಸಿರುವುದು ಪೂರ್ಣವಾಗಿ ಸರಿಯಲ್ಲ. ಆ ನಾಡಿಗೆ ಸಹಜವಾದ ಕ್ಲೆಮ್ಯಾಟಿಸ್ ಒಂದೇ. ಬೇಲಿಗಳ ಮೇಲೆ ಹಬ್ಬುವ, ಚಿಕ್ಕ ಹಸಿರುಬಿಳಿ ಹೂವಿನ ಕಾಡುಬಳ್ಳಿ ಅದು. ದಾರಿಯ ಇಕ್ಕೆಲದ ಬೇಲಿಗಳನ್ನು ಅಲಂಕರಿಸಿ ಪಥಿಕರಿಗೆ ಸಂತೋಷವನ್ನು ಕೊಡುವುದರಿಂದ ಜಾನ್ ಜೆರಾರ್ಡನು 1597ರಲ್ಲಿ ಪ್ರಕಟವಾದ ತನ್ನ ಮೂಲಿಕಾಗ್ರಂಥದಲ್ಲಿ ಅದಕ್ಕೆ 'ಪ್ರಯಾಣಿಕನ ಹರ್ಷ' ಎಂಬರ್ಥದ ಹೆಸರನ್ನಿಟ್ಟನು. ಚಿತ್ರಗಳಲ್ಲಿ ಕಾಣುವ ದೊಡ್ಡ ಹೂಗಳ ವಂಶ ಬೇರೆ. ಚೀನ ಜಪಾನುಗಳಿಂದ ಬಂದ ಜಾತಿಗಳನ್ನು ಯುರೋಪಿನ ದಕ್ಷಿಣ ಭಾಗದ ಜಾತಿಗಳೊಡನೆ ಬೆರಸಿ ತೋಟಗಾರರು ಅವನ್ನು ಪಡೆದರು. ಸುಪ್ರಸಿದ್ಧವಾದ ನೇರಳೆಯ 'ಜಾಕ್‌ಮನಿ' ಎಂಬುದು 1858ರಲ್ಲಿ ವೋಕಿಂಗ್ ಊರಿನ ಜಾಕ್‌ಮನ್ ಮನೆತನದ ಸಸ್ಯಾಗಾರದಲ್ಲಿ ನಡೆದ ಇಂಥ ಸಂಕರದ ಫಲ. ವಸಂತದಲ್ಲಿ ಅಲ್ಲಿಯ ಗೋಡೆಗಳನ್ನು ಮುಚ್ಚುವ 'ಮೊಂಟಾನ' ಎಂಬ ಜಾತಿಯಂತೂ ನಮ್ಮ ಹಿಮಾಲಯದ್ದೇ. ಲೇಡಿ ಆಮ್‌ಹರ್ಸ್ಟ್ ಅದನ್ನು 1831ರಲ್ಲಿ ಇಂಗ್ಲೆಂಡಿಗೆ ಒಯ್ದರು. ಹೀಗೆ ಅವರು ಕೊಂಡುಹೋದದ್ದು ತಮ್ಮ ಹವೆಗೆ ಒಗ್ಗುವ ಬಳ್ಳಿಗಳನ್ನು. ನಾವು ಅನುಕರಿಸಬೇಕಾದದ್ದು ಈ ವಿವೇಕವನ್ನು.

ದೊಡ್ಡ ಹೂವಿನ ಈ ಸಂಕರಜಾತಿಗಳಿಗೆ ಚಳಿಗಾಲದ ನಿದ್ರೆ ಬೇಕು. ಶೀತದೇಶದಲ್ಲಿ ಹಗಲು ಕಿರಿದಾಗಿ ಚಳಿ ಹೆಚ್ಚಿದಂತೆ ಬಳ್ಳಿ ಎಲೆಯುದುರಿಸಿ ವಿಶ್ರಾಂತಿ ಪಡೆಯುತ್ತದೆ. ಬೇರಿನಲ್ಲಿ ಕೂಡಿಟ್ಟ ಶಕ್ತಿಯಿಂದ ವಸಂತದಲ್ಲಿ ಒಮ್ಮೆಲೆ ಚಿಗುರುತ್ತದೆ. ಏಳು ಸಾವಿರ ಅಡಿಗೂ ಎತ್ತರದ ಉದಕಮಂಡಲದಲ್ಲಿ ಹಿಮ ಬೀಳುವ ರಾತ್ರಿಗಳಿರುವುದರಿಂದ ಅಲ್ಲಿ ಇವಕ್ಕೆ ಅನುಕೂಲವುಂಟು. ಧಾರವಾಡದ ಎತ್ತರ ಸುಮಾರು 2,400 ಅಡಿ. ನಮ್ಮ ಚಳಿಗಾಲ ಹಿತವಾದದ್ದೇ ಹೊರತು ಬಳ್ಳಿಯನ್ನು ಮಲಗಿಸುವಂಥದಲ್ಲ. ನಿದ್ರೆಯಿಲ್ಲದೆ ದಣಿದ ಬಳ್ಳಿಗೆ ಏಪ್ರಿಲ್ ತಿಂಗಳ ಬಿಸಿಲು ಎದುರಾಗುತ್ತದೆ. ಕಾದ ನೆಲದಲ್ಲಿ ಬೇರು ಬೇಯುತ್ತದೆ. ಸಾಲದ್ದಕ್ಕೆ ದೊಡ್ಡ ಹೂವಿನ ಜಾತಿಗಳಿಗೆ ಒಂದು ಬಗೆಯ ಬೂಷ್ಟಿನಿಂದ ಕಾಂಡ ಹಠಾತ್ತಾಗಿ ಬಾಡುವ ರೋಗವೂ ಉಂಟು. ಚಿಕ್ಕ ಹೂವಿನ ಕಾಡುಜಾತಿಗಳು ಸಾಮಾನ್ಯವಾಗಿ ಈ ರೋಗಕ್ಕೆ ಬಗ್ಗುವುದಿಲ್ಲ.

ಆದರೆ ಧಾರವಾಡದ ನೆಲೆಯೇ ಒಂದು ಭಾಗ್ಯ. ಪೂರ್ವಕ್ಕೆ ಹೋದರೆ ಎರೆಯ ಬೆಳವಲ. ಪಶ್ಚಿಮಕ್ಕೆ ಹಳಿಯಾಳ, ದಾಂಡೇಲಿಗಳ ಕಡೆ ಹೋದರೆ ಮಲೆನಾಡು. ಇವೆರಡರ ನಡುವಣ ಹೊಸ್ತಿಲಿನ ಮೇಲೆ ನಮ್ಮ ಊರು ಕುಳಿತಿದೆ. ಆ ಪಶ್ಚಿಮದ ಕಾಡುಗಳ ಅಂಚಿನಲ್ಲಿ, ಪೊದೆಗಳ ಮೇಲೆ, ಕಾರ್ತಿಕ ಮಾರ್ಗಶಿರಗಳ ಸುಮಾರಿಗೆ ಕೆನೆಬಣ್ಣದ ಸಣ್ಣ ಹೂಗಳ ದಟ್ಟವಾದ ಗೊಂಚಲುಗಳನ್ನು ಹೊತ್ತ ಬಳ್ಳಿಯೊಂದನ್ನು ಕಾಣಬಹುದು. ಇದೇ ಶಾಸ್ತ್ರಜ್ಞರ 'ಕ್ಲೆಮ್ಯಾಟಿಸ್ ಗೌರಿಯಾನ', ಮರಾಠಿಯಲ್ಲಿ ಮೋರವೇಲ. ಹೂವಿಗೆ ನಾಲ್ಕೇ ಎಸಳು, ನಡುವೆ ಕೇಸರಗಳ ಕುಚ್ಚು, ಮಂದವಾದ ಪರಿಮಳ. ಎಲೆಗಳು ಗಿಣ್ಣಿನ ಎರಡು ಕಡೆ ಎದುರುಬದುರಾಗಿ ಹುಟ್ಟಿ, ಕಿರಿಯ ಎಲೆಗಳಾಗಿ ಒಡೆದಿರುತ್ತವೆ. ಮಾಘದ ಹೊತ್ತಿಗೆ ಬೀಜದ ಬೆಳ್ಳಿಬಾಲಗಳು ಬಿಸಿಲಿಗೆ ಮಿನುಗುತ್ತವೆ. ಜೆರಾರ್ಡನು ಮೆಚ್ಚಿದ ಬೇಲಿಯ ಬಳ್ಳಿಗೂ ಇದಕ್ಕೂ ಅಕ್ಕತಂಗಿಯರ ಹೋಲಿಕೆ.

ಇದೇ ಕುಲದ ಮತ್ತೊಂದು ಬಳ್ಳಿಯನ್ನು ಆಯುರ್ವೇದದ 'ಮೂರ್ವಾ' ಎಂದು ಪಶ್ಚಿಮ ಭಾರತದ ಕೆಲವು ಕಡೆ ಬಳಸುತ್ತ ಬಂದಿದ್ದಾರೆ. ಬಿಲ್ಲಿನ ಹೆದೆಗೆ ಸಂಸ್ಕೃತದಲ್ಲಿ 'ಮೌರ್ವಿ' ಎಂಬ ಹೆಸರು ಬಂದದ್ದು ಮೂರ್ವಾ ನಾರಿನಿಂದಲೇ. ಕ್ಷತ್ರಿಯ ವಟುವಿನ ಮೇಖಲೆ ಈ ನಾರಿನದಾಗಿರಬೇಕೆಂದು ಮನುಸ್ಮೃತಿ ಹೇಳುತ್ತದೆ. ಪ್ರಾಚೀನರ ಮೂರ್ವಾ ಯಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬೇರೆ ಮೂರು ನಾಲ್ಕು ಸಸ್ಯಗಳಿಗೂ ಆ ಹೆಸರು ಸಲ್ಲುತ್ತದೆ. ಆದಕಾರಣ ಹೆಸರನ್ನು ನಂಬಿ ಈ ಬಳ್ಳಿಯನ್ನು ಔಷಧವೆಂದು ಯಾರೂ ಸೇವಿಸಕೂಡದು.

ಇನ್ನು ಬೆಳೆಸುವ ಕ್ರಮ. ಕಾದಿಟ್ಟ ಅರಣ್ಯದಿಂದ ಅಪ್ಪಣೆಯಿಲ್ಲದೆ ಗಿಡವನ್ನು ಕಿತ್ತು ತರುವುದು ಕಾನೂನಿಗೆ ವಿರುದ್ಧ; ಕಿತ್ತ ಬಳ್ಳಿ ಬದುಕುವುದೂ ಅಪರೂಪ. ಪರಿಚಿತರ ಹೊಲದ ಬೇಲಿಯಲ್ಲಿ ಬಳ್ಳಿಯಿದ್ದರೆ ಒಂದು ಹಿಡಿ ಬಲಿತ ಬೀಜವನ್ನು ಕೇಳಿ ಪಡೆಯಿರಿ. ಮರಳು ಬೆರಸಿದ ಮಣ್ಣಿನಲ್ಲಿ ತೆಳುವಾಗಿ ಬಿತ್ತಿ, ನೆರಳಿನಲ್ಲಿಟ್ಟು, ಮಣ್ಣು ಒಣಗದಂತೆ ಕಾಯಬೇಕು. ಮೊಳಕೆಗೆ ತಿಂಗಳುಗಳೇ ಹಿಡಿಯಬಹುದು. ಬೇಸರಪಟ್ಟು ಕುಂಡವನ್ನು ಬರಿದು ಮಾಡಬೇಡಿ. ಇದಕ್ಕಿಂತ ಸುಲಭವಾದ ಮಾರ್ಗವೆಂದರೆ, ಮೃಗಶಿರಾ ಮಳೆ ಹಿಡಿದಾಗ, ಬೆಳೆದ ಬಳ್ಳಿಯ ಒಂದು ಕುಡಿಯನ್ನು ಬಾಗಿಸಿ, ಗಿಣ್ಣನ್ನು ಮಣ್ಣಿನಲ್ಲಿ ಹುದುಗಿಸಿ, ಮೇಲೊಂದು ಕಲ್ಲನ್ನಿಡುವುದು. ಬೇರೊಡೆದ ಮೇಲೆ ತಾಯಬಳ್ಳಿಯಿಂದ ಕತ್ತರಿಸಿ ತರಬಹುದು.

ಸ್ಥಳವನ್ನು ಆರಿಸುವಾಗ ಮನೆಯ ಪೂರ್ವದ ಇಲ್ಲವೆ ಈಶಾನ್ಯದ ಗೋಡೆಯನ್ನು ನೋಡಿರಿ. ಬೆಳಗಿನ ಬಿಸಿಲು ಸಿಗಬೇಕು, ಮಧ್ಯಾಹ್ನದ ಮೇಲಿನದು ತಪ್ಪಬೇಕು. ಮಾಳಮಡ್ಡಿಯ ಹೆಸರಿನಲ್ಲಿಯೇ ಮಡ್ಡಿಯಿದೆ. ಗರಸು ಹೆಚ್ಚಾದ ನೆಲದಲ್ಲಿ ನೀರು ನಿಲ್ಲದಿರುವುದು ಗುಣ, ಸಾರ ಕಡಿಮೆಯಿರುವುದು ದೋಷ. ಒಂದೂವರೆ ಅಡಿ ಉದ್ದ, ಅಗಲ, ಆಳದ ಕುಣಿ ತೋಡಿ, ಮಸಾರಿ ಮಣ್ಣು, ಕೊಳೆತ ತರಗೆಲೆ, ಹಳೆಯ ಸಗಣಿಗೊಬ್ಬರ ಇವನ್ನು ಸಮಭಾಗವಾಗಿ ಬೆರಸಿ ತುಂಬಿರಿ. ಎರೆಮಣ್ಣಿನ ಹಿತ್ತಲಿದ್ದವರು ಕುಣಿಯ ತಳಕ್ಕೆ ನಾಲ್ಕು ಅಂಗುಲ ಒಡೆದ ಇಟ್ಟಿಗೆಯನ್ನು ಹಾಕಿ, ಮಣ್ಣಿನ ಮಟ್ಟವನ್ನು ಸ್ವಲ್ಪ ಎತ್ತರಿಸಬೇಕು. ಎರೆ ಮಳೆಯಲ್ಲಿ ಉಬ್ಬಿ ಬೇರನ್ನು ಉಸಿರುಗಟ್ಟಿಸುವುದಲ್ಲದೆ, ಬೇಸಗೆಯಲ್ಲಿ ಬಿರಿದು ಅದನ್ನು ಹರಿಯುತ್ತದೆ. ಸಸಿಯನ್ನು ಕುಂಡದಲ್ಲಿದ್ದ ಮಟ್ಟಕ್ಕಿಂತ ಎರಡಂಗುಲ ಆಳವಾಗಿ ನೆಡಿರಿ. ಮೇಲಿನ ಕಾಂಡಕ್ಕೆ ಅಪಾಯವಾದರೂ ಮಣ್ಣಿನೊಳಗಿನ ಗಿಣ್ಣಿನಿಂದ ಮರಳಿ ಚಿಗುರಲು ಆಗ ಅವಕಾಶವಿರುವುದು.

ಈ ಕುಲದ ಬಳ್ಳಿಗಳನ್ನು ಕುರಿತು ತೋಟಗಾರರಲ್ಲಿ ಒಂದು ಹಳೆಯ ಸೂತ್ರವಿದೆ: ತಲೆ ಬಿಸಿಲಿನಲ್ಲಿರಲಿ, ಕಾಲು ನೆರಳಿನಲ್ಲಿರಲಿ. ಇಂಗ್ಲೆಂಡಿನಲ್ಲಿ ಇದು ಸಲಹೆ. ಧಾರವಾಡದಲ್ಲಿ ಇದು ಪ್ರಾಣದ ಮಾತು. ಬುಡದ ಸುತ್ತ ಒಡೆದ ಫರಸಿಕಲ್ಲಿನ ಒಂದೆರಡು ತುಂಡುಗಳನ್ನು ಕಾಂಡಕ್ಕೆ ತಗುಲದಂತೆ ಹಾಸಿ, ಅದರ ಕೆಳಗೆ ಒಣಗಿದ ಎಲೆಯನ್ನು ಹರಡಿರಿ. ಮುಂಭಾಗದಲ್ಲಿ ಯಾವುದಾದರೂ ಗಿಡ್ಡ ಜಾತಿಯ ಹೂಗಿಡವನ್ನು ನೆಟ್ಟರೆ ಅದೂ ನೆರಳು ಕೊಡುವುದು. ಹೀಗೆ ಮಾಡಿದಲ್ಲಿ ನೀರಿನ ಖರ್ಚೂ ಇಳಿಯುತ್ತದೆ. ನಲ್ಲಿಯ ನೀರಿಗೆ ದಿನವೆಣಿಸಿ ಕೂಡಬೇಕಾದ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಮೊದಲ ಎರಡು ಬೇಸಗೆಗಳಲ್ಲಿ ಮೂರು ದಿನಕ್ಕೊಮ್ಮೆ ಒಂದು ಕೊಡ ನೀರನ್ನು ಸಂಜೆಯ ಹೊತ್ತು ನಿಧಾನವಾಗಿ ಬುಡಕ್ಕೆ ಹಾಕಿರಿ. ದಿನವೂ ಒಂದೊಂದು ತಂಬಿಗೆ ಚಿಮುಕಿಸಿದರೆ ಬೇರು ಮೇಲ್ಮಣ್ಣಿನಲ್ಲಿಯೇ ಉಳಿದು ಬಿಸಿಲಿಗೆ ತುತ್ತಾಗುತ್ತದೆ.

ಆಧಾರದ ವಿಷಯದಲ್ಲಿ ಎಲೆತೊಟ್ಟಿನ ಸ್ವಭಾವವನ್ನು ನೆನೆಯಿರಿ. ದಪ್ಪ ಕಂಬವನ್ನು ಕೊಟ್ಟರೆ ಬಳ್ಳಿ ಅದರ ಬುಡದಲ್ಲಿ ಮುದ್ದೆಯಾಗಿ ಬೀಳುವುದು. ಪೆನ್ಸಿಲ್ಲಿಗಿಂತ ದಪ್ಪವಲ್ಲದ ಬಿದಿರುಸೀಳು, ತಂತಿ ಇಲ್ಲವೆ ಹುರಿಯನ್ನು, ಗೋಡೆಯಿಂದ ಮೂರು ಅಂಗುಲ ಬಿಟ್ಟು ಕಟ್ಟಿದರೆ ಗಾಳಿಯೂ ಆಡುತ್ತದೆ. ಕಾಡಿನ ಬಳ್ಳಿಗೆ ಹಬ್ಬುವ ಚಪಲ ಹೆಚ್ಚು; ನೆರೆಯ ಮಾವಿನ ಮರವನ್ನೇರಿ ಮುಚ್ಚಿಬಿಡಬಹುದು. ವರ್ಷದ ಹೊಸ ಕುಡಿಗಳಲ್ಲಿ ಹೂಬಿಡುವ ಬಳ್ಳಿಯಾದ್ದರಿಂದ, ಬೀಜ ಹಾರಿಹೋದ ಮೇಲೆ, ಫಾಲ್ಗುಣದ ಸುಮಾರಿಗೆ, ನೆಲದಿಂದ ಎರಡಡಿ ಉಳಿಸಿ ಕತ್ತರಿಸಿದರೆ ಹಾನಿಯಿಲ್ಲ. ಬೇಸಗೆಯ ಕಷ್ಟಕಾಲದಲ್ಲಿ ಎಲೆಯ ಭಾರವೂ ಕಡಿಮೆಯಾಗುವುದು. ಅಡ್ಡಮಳೆಗೆ ಮತ್ತೆ ಚಿಗುರುವುದು.

ಕತ್ತರಿಸುವಾಗ ಎಚ್ಚರಿಕೆ ಅವಶ್ಯ. ಹಸಿ ಬಳ್ಳಿಯನ್ನು ಜಜ್ಜಿದಾಗ ಹೊರಡುವ ಖಾರವಾದ ರಸ ತಗಲಿದರೆ ಚರ್ಮದ ಮೇಲೆ ಬೊಬ್ಬೆಯೇಳುತ್ತದೆ. ಫ್ರಾನ್ಸ್ ದೇಶದಲ್ಲಿ ಹಿಂದೆ ಭಿಕ್ಷುಕರು ಜನರ ಕನಿಕರವನ್ನು ಗಳಿಸಲು ಇದೇ ಕುಲದ ಬಳ್ಳಿಯಿಂದ ಮೈಮೇಲೆ ಹುಣ್ಣು ಮಾಡಿಕೊಳ್ಳುತ್ತಿದ್ದರೆಂದೂ, ಅದರಿಂದ ಆ ಬಳ್ಳಿಗೆ ಭಿಕ್ಷುಕರ ಮೂಲಿಕೆ ಎಂಬ ಹೆಸರು ಬಂತೆಂದೂ ಹೇಳುತ್ತಾರೆ. ಕೈಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿರಿ. ಕತ್ತರಿಸಿದ್ದನ್ನು ಆಕಳ ಮುಂದೆ ಹಾಕಬೇಡಿ. ಚಿಕ್ಕ ಮಕ್ಕಳಿಗೆ ಬಾಯಿಗಿಟ್ಟುಕೊಳ್ಳಲು ಬಿಡಬೇಡಿ.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಆ ಚಿತ್ರದ ನೇರಳೆ ಹೂವಲ್ಲವಷ್ಟೆ ಎಂದು ಯಾರಾದರೂ ನಿರಾಶರಾಗಬಹುದು. ಬಣ್ಣವೇ ಬೇಕೆಂಬವರು ಅದೇ ತಂತಿಗೆ ಶಂಖಪುಷ್ಪವನ್ನು ಹಬ್ಬಿಸಲಿ. ಮಳೆಗಾಲದಲ್ಲಿ ಅದರ ನೀಲಿ, ಚಳಿಗಾಲದಲ್ಲಿ ಇದರ ಕೆನೆಬಿಳಿ, ಎರಡೂ ಕಣ್ಣಿಗೆ ಹಬ್ಬವೇ. ನಮ್ಮ ಮಟ್ಟಿಗೆ, ಎರಡು ಸಸಿಗಳನ್ನು ಕಳೆದುಕೊಂಡ ಅದೇ ಮನೆಯ ಪೂರ್ವದ ಗೋಡೆಯಲ್ಲಿ ಮೋರವೇಲವನ್ನು ನೆಟ್ಟೆವು. ಮೂರನೆಯ ವರ್ಷ ಅದು ಹೂಬಿಟ್ಟಿತು. ಈ ಸಲ ನೆರೆಹೊರೆಯವರನ್ನು ನಾವು ಕರೆಯಲಿಲ್ಲ; ಪರಿಮಳಕ್ಕೆ ತಾವೇ ನಿಂತು ಕೇಳಿದರು. ಅವರಲ್ಲಿ ಹಳಿಯಾಳದ ಕಡೆಯ ವೃದ್ಧೆಯೊಬ್ಬರು, ಇದು ತಮ್ಮ ತೌರಿನ ಹೊಲದ ಬೇಲಿಯ ಬಳ್ಳಿಯೆಂದೂ, ದಾರಿ ಅಗಲ ಮಾಡುವಾಗ ಆ ಬೇಲಿ ಹೋಯಿತೆಂದೂ ಹೇಳಿದರು. ಬೇಲಿಗಳು ಹೋಗಿ ಕಲ್ಲುಗೋಡೆಗಳು ಬರುತ್ತಿವೆ, ಅಂಗಳಗಳು ಕಿರಿದಾಗುತ್ತಿವೆ. ಬೇಲಿ ಹೋದರೆ ಅದನ್ನು ನಂಬಿದ ಬಳ್ಳಿಗೆ ಉಳಿಯುವುದು ಯಾರದಾದರೂ ಮನೆಯ ಗೋಡೆಯೇ. ಮಾಘದಲ್ಲಿ ಬೀಜ ಬಲಿತಾಗ ಆ ವೃದ್ಧೆಗೆ ಒಂದು ಹಿಡಿ ಕಳುಹಿಸಿದೆವು. ಕೇಳುವವರಲ್ಲಿ ಯಾರಿಗಾದರೂ ಪೂರ್ವದ ಗೋಡೆಯೊಂದು ಬರಿದಾಗಿದ್ದರೆ, ಬರುವ ಮೃಗಶಿರಾ ಮಳೆಗೆ ಮುಂಚೆಯೇ ಕುಣಿಯನ್ನು ತೋಡಿಡಲಿ.