ನಿಮಗಿದು ಗೊತ್ತೆ? ಇನ್ನೊಬ್ಬರ ಚಿತ್ರಕ್ಕಾಗಿ ಉಪವಾಸ!

1973ರ ಜನವರಿಯಲ್ಲಿ ಫ್ರಾನ್ಸಿನ ನಿರ್ದೇಶಕ ರೆನೆ ವೋತಿಯೆ ಊಟ ಬಿಟ್ಟು ಕೂತರು. ತಮ್ಮ ಚಿತ್ರಕ್ಕಾಗಿ ಅಲ್ಲ, ಇನ್ನೊಬ್ಬರ ಚಿತ್ರಕ್ಕಾಗಿ! 1961ರ ಅಕ್ಟೋಬರ್ 17ರಂದು ಪ್ಯಾರಿಸ್ ಪೊಲೀಸರು ಮೆರವಣಿಗೆ ಹೊರಟಿದ್ದ ಅಲ್ಜೀರಿಯನ್ನರನ್ನು ಕೊಂದಿದ್ದರು. ಅದರ ಬಗ್ಗೆ ಝಾಕ್ ಪಾನಿಜೆಲ್ ತೆಗೆದ ಚಿತ್ರಕ್ಕೆ ಸೆನ್ಸಾರ್ ಅನುಮತಿ ಕೊಟ್ಟಿರಲಿಲ್ಲ. ಉಪವಾಸ ಸುಮಾರು ಒಂದು ತಿಂಗಳು ನಡೆಯಿತು. ಕೊನೆಗೆ ಅನುಮತಿ ಸಿಕ್ಕಿತು. ಹಿಂದಿನ ವರ್ಷವಷ್ಟೇ ಕಾನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆದಿದ್ದವರು ವೋತಿಯೆ. ಇಂಥ ದೊಡ್ಡ ಮನಸ್ಸು ಯಾವ ಚಿತ್ರರಂಗದಲ್ಲೂ ಅಪರೂಪ.

ನಿಷೇಧದ ಬಿಸಿ ಅವರಿಗೆ ಹೊಸದಲ್ಲ. ಶಾಲಾ ಮಕ್ಕಳಿಗೆ ತೋರಿಸಲು ಪಶ್ಚಿಮ ಆಫ್ರಿಕಾದ ಹಳ್ಳಿ ಬದುಕನ್ನು ಚಿತ್ರಿಸಿ ತರಲು ಕಳುಹಿಸಿದರೆ, ಈ 21ರ ಯುವಕ ವಸಾಹತು ಆಡಳಿತದ ಕ್ರೌರ್ಯವನ್ನೇ ಸೆರೆಹಿಡಿದು ತಂದರು. ಅದೇ ‘ಆಫ್ರಿಕಾ 50’. ಅದಕ್ಕಾಗಿ ಜೈಲು ಸೇರಿದರು. ಆ ಪುಟ್ಟ ಚಿತ್ರದ ಮೇಲಿನ ನಿಷೇಧ 40 ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು.

ಅಲ್ಜೀರಿಯಾ ಯುದ್ಧವನ್ನು ಚಿತ್ರಿಸುವಾಗ ಗಾಯಗೊಂಡರು. ಕ್ಯಾಮೆರಾದ ಚೂರೊಂದು ತಲೆಯೊಳಗೆ ಹೊಕ್ಕು ಅಲ್ಲೇ ಉಳಿಯಿತು. ಆ ದೇಶ 1962ರಲ್ಲಿ ಸ್ವತಂತ್ರವಾದಾಗ ಅಲ್ಜಿಯರ್ಸ್‌ನಲ್ಲೇ ನೆಲೆಸಿ, ಅಲ್ಲಿನ ಹುಡುಗರಿಗೆ ಸಿನಿಮಾ ಪಾಠ ಹೇಳಿಕೊಟ್ಟರು.